ಅಲ್ಲಾಡದ ಕಿರಣ

ಪ್ರೀತಿಯ ಅಜ್ಜಿ,

ಇಲ್ಲಿ ಪ್ರಯೋಗಾಲಯದಲ್ಲಿ ನನ್ನ ಕೆಲಸ ಎಲೆಕ್ಟ್ರಾನ್ ಕಿರಣಕ್ಕೆ ದಾರಿ ತೋರಿಸುವುದು. ಉದ್ದನೆಯ ಕೊಳವೆಯ ಸುತ್ತ ಆಯಸ್ಕಾಂತಗಳಿವೆ. ಕಿರಣ ಅವುಗಳ ನಟ್ಟನಡುವೆ ಹಾಯಬೇಕು. ಹಾಯುತ್ತಿದೆಯೇ ಎಂದು ತಿಳಿಯುವ ಉಪಾಯ ಕೇಳು: ಆಯಸ್ಕಾಂತದ ಬಲವನ್ನು ಏರಿಸಿ ಇಳಿಸಿ ನೋಡುವುದು. ಕಿರಣ ಸರಿದಾಡಿದರೆ ನಡು ತಪ್ಪಿದೆ, ಅಲ್ಲಾಡದಿದ್ದರೆ ನಡುವಿನಲ್ಲೇ ಇದೆ. ಥೇಟ್ ನಿನ್ನ ಹಾಗೆ! ತಾತ ಎಷ್ಟೇ ಎಗರಾಡಿದರೂ ನೀನು ಕೂತಲ್ಲಿಂದ ಅಲ್ಲಾಡುವುದಿಲ್ಲವಲ್ಲ.

ನಿನ್ನೆ ಮೊದಲ ಸಲ ನಾನೊಬ್ಬಳೇ ಕಿರಣವನ್ನು ಹೀಗೆ ಪರೀಕ್ಷಿಸಲು ಕೂತೆ. ಕಿರಣ ಜಪ್ಪಯ್ಯ ಅಂದರೂ ಕದಲಲಿಲ್ಲ! ಬೀಗುತ್ತ ಎಲ್ಲರನ್ನೂ ಕರೆದು ತೋರಿಸಿದೆ. ನಮ್ಮ ಮೇಲಧಿಕಾರಿ ಕನ್ನಡಕ ಏರಿಸಿ, "ಭೇಷ್! ಅಲ್ಲಮ್ಮಾ, ಆಯಸ್ಕಾಂತಕ್ಕೆ ಕರೆಂಟ್ ಕೊಟ್ಟಿದ್ದೀಯಾ?" ಅಂದರು. ಗುಂಡಿ ತಿರುಗಿಸಿದ್ದೇ ಬಂತು, ಸ್ವಿಚ್ಚೇ ಹಾಕಿರಲಿಲ್ಲ! ಹಾಕಿದ್ದೇ ತಡ, ಕಿರಣ ಕುಣಿಯತೊಡಗಿತು. ದಾರಿ ತಿದ್ದಲೆಂದೇ ಇರುವ ಪುಟ್ಟ ಆಯಸ್ಕಾಂತಗಳಿಂದ ಅದನ್ನು ಚೂರು ಚೂರೇ ತಿರುಗಿಸಿ ನಡುವಿಗೆ ತರುವಷ್ಟರಲ್ಲಿ ನನ್ನ ಊಟ ತಣ್ಣಗಾಗಿತ್ತು.

ನೆಗಡಿ ವಾಸಿಯಾಗಿದೆ, ಚಿಂತೆ ಬೇಡ. ಆದರೆ ಈಗ ನಿನ್ನ ಮೇಲೇ ಅನುಮಾನ ಶುರುವಾಗಿದೆ. ತಾತ ಕೂಗಾಡುವಾಗ ನಿನ್ನ ಕಿವಿಯ ಮಿಷನ್ ಆನ್ ಇರುತ್ತದೆಯೇ?

ಡ್ಯೂಟಿಗೆ ಹೊರಟೆ. ಈ ಕಾರ್ಡನ್ನು ಮಾತ್ರ ತಾತನ ಕೈಲಿ ಓದಿಸಬೇಡ!

ನಿನ್ನ ಮೊಮ್ಮಗಳು