ಬಾಗಿಲ ಹಿಡಿ ಈಗ ಅಲ್ಲಾಡುವುದಿಲ್ಲ

ಚರ್ಚಿನ ಹಿಂದಿನ ಕೋಣೆ
ಹದಿನಾಲ್ಕನೆಯ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಹೇಗಿದೆ? ಮರದ ಹುಡಿ ಕುಡಿದು ಕುಡಿದು ಬರುತ್ತಿದ್ದ ಆ ಕೆಮ್ಮು ಬಿಟ್ಟಿತೋ, ಇಲ್ಲ ಎದ್ದು ಹೋಗದ ನೆಂಟನ ಹಾಗೆ ಇನ್ನೂ ಒಳಗೇ ಕೂತಿದೆಯೋ? ಗುಬ್ಬಿ ಆರೋಗ್ಯವಾಗಿದ್ದಾಳೆಯೇ? ನಿನ್ನ ಹೆಂಡತಿಯನ್ನು ನಾನು ಈಗಲೂ ಗುಬ್ಬಿ ಎಂದೇ ಕರೆಯುವುದು, ಕೋಪ ಮಾಡಿಕೊಳ್ಳಬೇಡ. ಪುಟ್ಟಣ್ಣನಿಗೆ ನೀವು ಇಲ್ಲಿಂದ ಹೋದಾಗ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಬಂದವೇ ಎಂದು ಕೇಳೋಣವೆಂದರೆ ಈಗ ಅವನಿಗೆ ಮೀಸೆ ಚಿಗುರುವ ವಯಸ್ಸು. ನನ್ನ ವಿಷಯ ಕೇಳಿದರೆ, ಮಂಡಿ ಎರಡೂ ನನ್ನ ಮಾತು ಕೇಳುವುದಿಲ್ಲ, ಕಣ್ಣಿಗೆ ಭೂತಗನ್ನಡಿ ಬೇಕು. ಉಳಿದದ್ದೆಲ್ಲ ಇದ್ದ ಹಾಗೇ ಇದೆ. ಈಗಲೂ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತೇನೆ, ಗುಡಿಸುತ್ತೇನೆ, ನೀನು ಮಾಡಿದ ಬೆಂಚುಗಳನ್ನು ಒರೆಸುತ್ತೇನೆ. ಎರಡನೆಯ ಬೆಂಚು ಈಗಲೂ ಕಿರುಗುಟ್ಟುತ್ತದೆ.

ಇದು ಐದನೆಯ ಪತ್ರ. ಹಿಂದಿನ ನಾಲ್ಕೂ ನಿನ್ನ ವರ್ಕ್‌ಶಾಪಿನಿಂದ ಅಂಟು ಬಿಡಿಸದೆ ವಾಪಸು ಬಂದವು. ಅಂಚೆಯವನು ಅವನ್ನು ನನ್ನ ಕೈಗೆ ಕೊಡುವಾಗ ಮುಖ ಆ ಕಡೆ ತಿರುಗಿಸುತ್ತಾನೆ, ಪಾಪ, ತಪ್ಪು ಅವನದೇ ಅನ್ನುವ ಹಾಗೆ. "ನನ್ನ ಬಾಗಿಲಿಗೆ ಬರಬೇಡ" ಎಂದು ನೀನು ಹೇಳಿದ ಮಾತನ್ನು ನಾನು ಒಂಬತ್ತು ವರ್ಷ ಮೀರಿಲ್ಲ. ಅಂಚೆಯವನನ್ನು ಕಳಿಸುವುದೂ ಆ ಮಾತಿನೊಳಗೆ ಬರುತ್ತದೋ ಏನೋ, ತಿಳಿಯದು. ಆದರೆ ಈ ಸಲ ಬರೆಯದೆ ಇರಲಾರೆ. ಶನಿವಾರ ನೀನು ಬಂದಿದ್ದೆ. ಚರ್ಚಿನ ಬಾಗಿಲಿಗೆ ಬೀಗ ಹಾಕಿತ್ತು. ಮೂವತ್ತು ವರ್ಷದಲ್ಲಿ ಒಂದು ದಿನವೂ ಬೆಳಿಗ್ಗೆ ಹಾಕಿರದ ಬೀಗ ಆ ದಿನ ಯಾಕೆ ಹಾಕಿತ್ತು, ನಾನು ಎಲ್ಲಿಗೆ ಹಾಳಾಗಿ ಹೋಗಿದ್ದೆ ಎನ್ನುವುದನ್ನು ನೀನು ತಿಳಿಯಬೇಕು.

ಗುರುವಾರ ಬೆಳಗಿನ ಪ್ರಾರ್ಥನೆಗೆ ನಾವು ಏಳೇ ಜನ. ಹೊಸ ಪಾಸ್ಟರನ್ನು ನೀನು ಕಂಡಿಲ್ಲ. ಆಳು ತೆಳ್ಳಗೆ, ದನಿ ಮಾತ್ರ ದಪ್ಪ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ, ಇವತ್ತೇ ಸುವಾರ್ತೆ ಸಾರುವ ಸೇವೆಗೆ ಹೊರಡಬೇಕು ಎಂದು ಕರ್ತನು ತನ್ನ ಎದೆಯಲ್ಲಿ ಹೇಳುತ್ತಿದ್ದಾನೆ ಎಂದರು. ಯಾವ ಊರಿಗೆ ಎಂದು ಟೀಚರಮ್ಮ ಕೇಳಿದರು, ಅದೇ ನಿನಗೆ ಮಗ್ಗಿ ಹೇಳಿಕೊಟ್ಟು ಸೋತ ಟೀಚರಮ್ಮ. ಅದಕ್ಕೆ ಪಾಸ್ಟರು, "ಊರು ಗೊತ್ತಿದ್ದು ಹೊರಟರೆ ಅದು ಪ್ರಯಾಣ ಅಷ್ಟೇ, ನಂಬಿಕೆ ಹೇಗಾಗುತ್ತೆ?" ಎಂದರು. ಚೀಲ ಬೇಡ, ಬುತ್ತಿ ಬೇಡ, ಬದಲಿ ಬಟ್ಟೆ ಬೇಡ. ಒಂದು ಗಂಟೆಯೊಳಗೆ ಬ್ರೆಡ್ ಸಾಗಿಸುವ ವ್ಯಾನು ಬಂದು ನಿಂತಿತು. ಬೇಕರಿಯವನೂ ನಮ್ಮ ಸಭೆಯವನೇ. ನಾನು ಒಂದು ಕ್ಷಣ ತಡೆದೆ. ಯಾಕೆ ತಡೆದೆ ಎನ್ನುವುದನ್ನು ಕೊನೆಗೆ ಬರೆಯುತ್ತೇನೆ, ಧೈರ್ಯ ಉಳಿದಿದ್ದರೆ. ಆಮೇಲೆ ಬಾಗಿಲಿಗೆ ಬೀಗ ಹಾಕಿ ಹತ್ತಿಬಿಟ್ಟೆ. ಬೀಗದ ಕೈ ಎಂದಿನಂತೆ ಕತ್ತಿನ ದಾರದಲ್ಲಿತ್ತು. ಅದು ಅಲ್ಲಿದೆ ಎಂಬುದೇ ನನಗೆ ಮರೆತುಹೋಗಿದೆ, ಮೂಗು ಇದೆಯೇ ಎಂದು ಯಾರು ಮುಟ್ಟಿ ನೋಡಿಕೊಳ್ಳುತ್ತಾರೆ? ಇನ್ನೊಂದು ಬೀಗದ ಕೈ ನಿನ್ನದು. ನೀನು ಅಂದು ನನ್ನ ಮೇಜಿನ ಮೇಲಿಟ್ಟು ಹೋದದ್ದು ನನ್ನ ಪೆಟ್ಟಿಗೆಯಲ್ಲಿ ಹಾಗೇ ಇದೆ.

ನೀನಿದ್ದಿದ್ದರೆ ಆ ವ್ಯಾನಿನಲ್ಲಿ ನಕ್ಕು ನಕ್ಕು ಬೀಳುತ್ತಿದ್ದೆ. ಕಿಟಕಿ ಇಲ್ಲ, ಬ್ರೆಡ್ಡಿನ ಟ್ರೇಗಳನ್ನು ಬೋರಲು ಹಾಕಿಕೊಂಡು ಕೂತಿದ್ದೇವೆ, ಸುತ್ತ ಹೊಸ ಬ್ರೆಡ್ಡಿನ ವಾಸನೆ, ತಿನ್ನಲು ಒಂದು ಚೂರೂ ಇಲ್ಲ. ದಾರಿ ಕವಲಾದಲ್ಲಿ ಬೇಕರಿಯವನು ನಿಲ್ಲಿಸಿ ಯಾವ ಕಡೆ ಎಂದು ಕೇಳಿದ. ಪಾಸ್ಟರು ಕಣ್ಣು ಮುಚ್ಚಿ ಬಲಕ್ಕೆ ಎಂದರು. "ಬಲಕ್ಕೆ ಹೋದರೆ ನಾನು ದಿನಾ ಹಿಟ್ಟು ತರೋ ಗಿರಣಿ ಸಿಗುತ್ತೆ ಪಾಸ್ಟರೇ, ಅದಕ್ಕೆ ದರ್ಶನ ಯಾಕೆ?" ಎಂದ ಅವನು. ಹಾಗೆ ನಾವು ಹಿಟ್ಟಿನ ಗಿರಣಿಯ ಊರು ಸೇರಿದೆವು. ಗಿರಣಿ, ಅದರ ಹಿಂದೆ ಸಾಲು ಮನೆಗಳು, ಎಲ್ಲದರ ಮೇಲೂ ತೆಳ್ಳನೆಯ ಬಿಳಿ ಪುಡಿ. ಗಂಡಸರು ಪಾಳಿಗೆ ಹೋಗಿದ್ದರು, ಪಾಳಿ ಮುಗಿಸಿದವರು ಮಲಗಿದ್ದರು. ಬಾಗಿಲು ತಟ್ಟಿದಲ್ಲೆಲ್ಲ ನಿದ್ದೆಗೆಟ್ಟವರ ಬೈಗುಳ. ಪಾಸ್ಟರು ಗೇಟಿನ ಮುಂದೆ ನಿಂತು ಹಾಡಿದರು. ಕಾವಲುಗಾರ ಬಂದು ಲಾರಿಗೆ ದಾರಿ ಬಿಡಿ ಎಂದ. ಹಂಚಿದ ಕರಪತ್ರಗಳು ಸಂಜೆ ಚರಂಡಿಯಲ್ಲಿ ಸಿಕ್ಕವು. ಅವನ್ನು ಎತ್ತಿ ಒಣಗಿಸಿ ಶುಕ್ರವಾರ ಮತ್ತೆ ಹಂಚಿದೆವು. ಮಲಗಿದ್ದು ಒಂದು ಖಾಲಿ ಗೋದಾಮಿನಲ್ಲಿ, ಗೋಣಿಚೀಲದ ಮೇಲೆ. ಶುಕ್ರವಾರ ಸಂಜೆಯ ಹೊತ್ತಿಗೆ ಪಾಸ್ಟರ ದನಿಯೂ ಅವರಷ್ಟೇ ತೆಳ್ಳಗಾಗಿತ್ತು.

ಶನಿವಾರ ಬೆಳಿಗ್ಗೆ ನನ್ನ ಜೊತೆ ಟೀಚರಮ್ಮ. ಸಾಲಿನ ಕೊನೆಯ ಮನೆಯ ಹೆಂಗಸು ನಮ್ಮನ್ನು ಒಳಗೆ ಕರೆದಳು. ಮೂರು ದಿನದಲ್ಲಿ ತೆರೆದ ಮೊದಲ ಬಾಗಿಲು. ಒಂದೇ ಕೋಣೆ, ಹಾಸಿಗೆ ಸುತ್ತಿಟ್ಟಿತ್ತು, ಬಾಗಿಲ ಹಿಂದಿನ ಮೊಳೆಯಲ್ಲಿ ಚಿಕ್ಕದೊಂದು ಹಳದಿ ಫ್ರಾಕು. ಅದನ್ನು ಕಂಡಾಗಲೇ ನಾನು ಎದ್ದು ಬರಬೇಕಿತ್ತು. ಎರಡು ಲೋಟ ನೀರು ತಂದಿಟ್ಟು, ಮಗಳು ಹೋಗಿ ಮೂರು ತಿಂಗಳಾಯಿತು ಎಂದಳು. ನೆರೆಮನೆಯವಳು ಪ್ರಾರ್ಥನೆ ಹೇಳಿಕೊಟ್ಟಿದ್ದಳಂತೆ, ಆಸ್ಪತ್ರೆಯಲ್ಲಿ ಮಂಡಿಯೂರಿಯೇ ಇದ್ದಳಂತೆ. "ಏನು ಕಮ್ಮಿ ಬಿತ್ತು ಅಂತ ನೀವಾದರೂ ಹೇಳಿ ಅಮ್ಮಾ, ನಿಮಗೆ ಗೊತ್ತಿರುತ್ತಲ್ಲ" ಎಂದು ನನ್ನನ್ನೇ ನೋಡಿ ಕೇಳಿದಳು. ಟೀಚರಮ್ಮ ಅವಳ ತಲೆಯ ಮೇಲೆ ಕೈಯಿಟ್ಟು, ಒಳ್ಳೆಯ ಮನಸ್ಸಿನಿಂದಲೇ, "ನಂಬಿಕೆ ಕಮ್ಮಿ ಬಿತ್ತು ಮಗಳೇ, ಇನ್ನೊಂದು ಸ್ವಲ್ಪ ಗಟ್ಟಿ ಇದ್ದಿದ್ದರೆ ಉಳೀತಿತ್ತು" ಎಂದರು.

ತಮ್ಮಾ, ಅದೇ ಮಾತು. ನಿನ್ನ ಮಗಳು, ನಮ್ಮ ಚಿಟ್ಟೆ, ಹೋದ ದಿನ ಆಸ್ಪತ್ರೆಯ ಮೆಟ್ಟಿಲಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು ಕೂತಿದ್ದ ನಿನಗೆ ನಾನು ಹೇಳಿದ್ದು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನಾನೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ. ಆ ಹೆಂಗಸು ಅಳಲಿಲ್ಲ. ನಾವು ಇನ್ನೂ ಬಾಯಿಗಿಡದಿದ್ದ ಎರಡೂ ಲೋಟಗಳನ್ನು ಎತ್ತಿಕೊಂಡು, ನೀರನ್ನು ಹೊರಗೆ ಚೆಲ್ಲಿ, ಬಾಗಿಲ ಪಕ್ಕ ನಿಂತಳು. ನಾವು ಎದ್ದು ಬಂದೆವು. ಟೀಚರಮ್ಮ ಪುಸ್ತಕದಲ್ಲಿ ಆ ಮನೆಗೊಂದು ಗುರುತು ಹಾಕಿಕೊಂಡರು. ಸಂಜೆ ಒಬ್ಬಳೇ ಹಿಂದಕ್ಕೆ ಹೋಗಿ ಆ ಬಾಗಿಲು ತಟ್ಟಿದೆ. ಅವಳು ತೆಗೆಯಲಿಲ್ಲ. ಬಾಗಿಲ ಕೆಳಗಿನ ಸಂದಿನಲ್ಲಿ ಅವಳ ಕಾಲಿನ ನೆರಳು ಕಾಣುತ್ತಿತ್ತು. ಇಬ್ಬರೂ ಬಾಗಿಲ ಆ ಕಡೆ ಈ ಕಡೆ ಬಹಳ ಹೊತ್ತು ನಿಂತಿದ್ದೆವು. ಕೊನೆಗೆ ನೆರಳು ಸರಿದುಹೋಯಿತು.

ಭಾನುವಾರ ಮಧ್ಯಾಹ್ನ ವಾಪಸು ಬಂದೆವು. ಹೋಗುವಾಗ ಹಾಡಿದ್ದ ವ್ಯಾನಿನಲ್ಲಿ ಬರುವಾಗ ಯಾರೂ ಹಾಡಲಿಲ್ಲ. ಬೆಳಿಗ್ಗೆ ಚರ್ಚಿನಲ್ಲಿ ಪಾಸ್ಟರೂ ಇಲ್ಲ, ಬೀಗದ ಕೈಯೂ ಇಲ್ಲ. ಆರಾಧನೆಗೆ ಬಂದವರೆಲ್ಲ ಎದುರಿನ ಕ್ಷೌರದಂಗಡಿಯಲ್ಲಿ ಕೂತು ಎರಡು ಹಾಡು ಹಾಡಿ ಎದ್ದುಹೋಗಿದ್ದರಂತೆ. "ನಿಮ್ಮ ಸಭೆಯಲ್ಲಿ ಇಬ್ಬರು ಗಡ್ಡ ತೆಗೆಸಿಕೊಂಡರು, ಅಷ್ಟು ಮಾತ್ರ ಈ ವಾರದ ಫಲ" ಎಂದು ಕ್ಷೌರಿಕ ನಗೆಯಾಡಿದ. ಆಮೇಲೆ ನಗು ಬಿಟ್ಟು, ನಿನ್ನೆ ನಿಮ್ಮ ತಮ್ಮ ಬಂದಿದ್ದರು ಎಂದ. ನನಗೆ ನಂಬಿಕೆ ಬರಲಿಲ್ಲ. ತಲೆ ನರೆತಿದೆ, ಹೆಗಲಲ್ಲಿ ಉಳಿ ಸುತ್ತಿಗೆಯ ಚೀಲ ಇತ್ತು, ಆರು ಗಂಟೆಗೇ ಬಂದರು ಎಂದ. ತಟ್ಟಿದೆಯಂತೆ. ಮೆಟ್ಟಿಲ ಮೇಲೆ ಕೂತೆಯಂತೆ. ಒಂಬತ್ತೂವರೆಗೆ ರಸ್ತೆ ದಾಟಿ ಬಂದು, "ಬೀಗದಕ್ಕ ಇಲ್ವಾ?" ಎಂದು ಕೇಳಿದೆಯಂತೆ. ಆ ಹೆಸರು ಕೇಳಿದ ಮೇಲೆ ನಾನು ಅವನ ಕುರ್ಚಿಯಲ್ಲೇ ಕೂತುಬಿಟ್ಟೆ. ಆ ಹೆಸರಿನಿಂದ ನನ್ನನ್ನು ಕರೆಯುವವನು ಲೋಕದಲ್ಲಿ ಒಬ್ಬನೇ. ಕ್ಷೌರಿಕ, ಪಾಪ, ತಿಳಿದದ್ದನ್ನು ಹೇಳಿದನಂತೆ: ಅವರು ಊರೂರು ಸುತ್ತಿ ಮನೆಮನೆ ಬಾಗಿಲು ತಟ್ಟೋಕೆ ಹೋಗಿದ್ದಾರೆ, ಜನರನ್ನು ಕರೆಯೋಕೆ. ನೀನು ನಕ್ಕೆಯಂತೆ. ಎಂಥ ನಗು ಎಂದು ಕೇಳಿದೆ. ಅವನು ಕತ್ತರಿ ಒರೆಸುತ್ತಾ ಕೂತ.

ರಸ್ತೆ ದಾಟಿ ಬಂದು ಕತ್ತಿನಿಂದ ಬೀಗದ ಕೈ ತೆಗೆದೆ. ಬಾಗಿಲ ಹಿಡಿಯನ್ನು ಹಿಡಿದೆ. ಐದಾರು ವರ್ಷದಿಂದ ಅದು ಗಲಗಲ ಅಲ್ಲಾಡುತ್ತಿತ್ತು, ಯಾರಿಗೆ ಹೇಳಿದರೂ ನಾಳೆ ಎನ್ನುತ್ತಿದ್ದರು. ಈಗ ಅದು ಅಲ್ಲಾಡಲಿಲ್ಲ. ನಾಲ್ಕೂ ಸ್ಕ್ರೂ ಹೊಸವು. ನೀನೇ ಕೈಯಾರೆ ಮಾಡಿದ ಬಾಗಿಲು ನಿನ್ನ ಮುಖಕ್ಕೇ ಹಾಕಿರುವಾಗ, ಕಾಯುತ್ತಾ ಕೂತ ನೀನು ಅದರ ಹಿಡಿಯನ್ನು ಬಿಗಿ ಮಾಡಿ ಹೋಗಿದ್ದೀಯ. ನಾನು ಒಳಗೆ ಹೋಗಲಿಲ್ಲ. ನೀನು ಕೂತ ಮೆಟ್ಟಿಲು ಯಾವುದಿರಬಹುದು ಎಂದು ನೋಡುತ್ತಾ ನಿಂತಿದ್ದೆ.

ಇನ್ನೊಮ್ಮೆ ಬರುತ್ತೀಯ ಎಂಬ ಆಸೆ ನನಗಿಲ್ಲ. ಒಂಬತ್ತು ವರ್ಷಕ್ಕೊಮ್ಮೆ ಏಳುವ ಮನಸ್ಸು, ನನ್ನ ವಯಸ್ಸಿಗೆ ಇನ್ನೊಂದು ಒಂಬತ್ತು ಎಲ್ಲಿಂದ ತರಲಿ? ಪ್ರಾರ್ಥನೆ ಮಾಡುತ್ತೇನೆ, ಅಭ್ಯಾಸ ಬಿಟ್ಟಿಲ್ಲ. ಮೇಲಿನಿಂದ ಏನೂ ಕೇಳಿಸುವುದಿಲ್ಲ. ಪಾಸ್ಟರು ಮುಂದಿನ ತಿಂಗಳು ಮತ್ತೆ ಹೊರಡೋಣ ಎನ್ನುತ್ತಿದ್ದಾರೆ. ನನ್ನ ಹೆಸರು ಬಿಡಿ ಎಂದೆ.

ಗುಬ್ಬಿಗೆ ನನ್ನ ಪ್ರೀತಿ ತಿಳಿಸು, ಅವಳು ಕೇಳಿಸಿಕೊಂಡರೆ. ಪುಟ್ಟಣ್ಣನಿಗೆ ಇಂಥ ಒಬ್ಬಳು ಅತ್ತೆ ಇದ್ದಾಳೆ ಎಂದಾದರೂ ಹೇಳು. ಕರ್ತನು ನಿನ್ನ ಮನೆಯನ್ನು ಕಾಯಲಿ. ಕೆಮ್ಮಿಗೆ ಬಿಸಿನೀರು ಕುಡಿ.

ಇಂತು ನಿನ್ನ
ಬೀಗದಕ್ಕ

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗುರುವಾರ ನಾನು ತಡೆದದ್ದು ಯಾಕೆಂದರೆ, ಶನಿವಾರ ಚಿಟ್ಟೆ ಹೋದ ದಿನ. ನನಗೆ ಮರೆತಿರಲಿಲ್ಲ. ಪ್ರತಿ ವರ್ಷ ಆ ದಿನ ಬೆಳಿಗ್ಗೆ ಬಾಗಿಲು ತೆಗೆದು ಎರಡನೆಯ ಬೆಂಚಿನಲ್ಲಿ ಕೂತು, ನೀನು ಬಂದೀಯ ಎಂದು ಕಾಯುತ್ತಿದ್ದೆ. ಎಂಟು ಸಲ ಕಾದೆ. ಒಂಬತ್ತನೆಯ ಸಲ, ಇನ್ನು ಅವನು ಬರುವುದಿಲ್ಲ ಎಂದುಕೊಂಡೇ ವ್ಯಾನು ಹತ್ತಿದೆ. ನಂಬಿಕೆ ಕಮ್ಮಿ ಬಿದ್ದದ್ದು ನನಗೆ ತಮ್ಮಾ, ನಿನಗಲ್ಲ. ಅಂದೂ ನಿನಗಲ್ಲ. ಮಗು ಯಾಕೆ ಹೋಯಿತು ಎಂಬುದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಗೊತ್ತಿದ್ದವಳ ಹಾಗೆ ಆಡಿಬಿಟ್ಟೆ. ನಿನ್ನ ಬೀಗದ ಕೈಯನ್ನು ಇದರೊಳಗೆ ಇಟ್ಟಿದ್ದೇನೆ. ಬೇಗ ಎರಡು ಸಾಲು ಬರೆ. ಬರೆಯಲು ಮನಸ್ಸಿಲ್ಲದಿದ್ದರೆ ಇದನ್ನೂ ವಾಪಸು ಕಳಿಸು, ಬೇಸರವಿಲ್ಲ. ಆದರೆ ಲಕೋಟೆಯ ಒಂದು ಬದಿಯನ್ನು ಹರಿದು ಕಳಿಸು. ನೀನು ಓದಿದೆ ಎಂದು ತಿಳಿದುಕೊಳ್ಳುತ್ತೇನೆ.