ಒಂದು ಮಾರ್ಕಿನ ಪುಟ

ಮಸ್ಕಿ, ೧೨ ಆಗಸ್ಟ್, ಮಂಗಳವಾರ

ಹನ್ನೆರಡು ವರ್ಷದಿಂದ ಪಿಯು ಮಕ್ಕಳಿಂದ ನರಕೋಶದ ಚಿತ್ರ ಬರೆಸಿದ್ದೇನೆ. ಅದಕ್ಕೆ ಆಸರೆಯಾಗಿರುವ ಕೋಶಗಳ ಪುಟ ಬಂದಾಗಲೆಲ್ಲ, “ಇದು ಒಂದ ಮಾರ್ಕಿಂದು, ಬಿಡ್ರಿ” ಎಂದು ಹಾಳೆ ತಿರುವಿಸಿದ್ದೇನೆ.

ಇವತ್ತು ಲಿಂಗಸುಗೂರಿನ ಡಾಕ್ಟರು ನನ್ನ ತಮ್ಮ ಹುಲಿಗೇಶನ ಸ್ಕ್ಯಾನ್ ನೋಡಿ ಹೇಳಿದ್ದು ಆ ಪುಟವನ್ನೇ. ಆ ಕೋಶಗಳು ನರಕ್ಕೆ ಸುತ್ತಿದ ಪೊರೆಯನ್ನು ಅವನ ದೇಹವೇ ತಿನ್ನುತ್ತಿದೆಯಂತೆ. ಮಿದುಳಿನ ಮಾತು ಪಾದ ಮುಟ್ಟುವ ಮೊದಲೇ ದಾರಿಯಲ್ಲಿ ಸೋರಿಹೋಗುತ್ತದೆ. ಕೆಲಸ ಮಾಡುವ ಹಟ್ಟಿಯ ಚಿನ್ನದ ಗಣಿಗೆ ಅವನು ಇನ್ನು ಇಳಿಯುವಂತಿಲ್ಲ.

ಊರಲ್ಲಿ ಬಸ್ಸಿಳಿಯುವಾಗ ಅವನ ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೇ ಉಳಿಯಿತು. ಅವನಿಗೆ ಗೊತ್ತೇ ಆಗಲಿಲ್ಲ. ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದೇ ಹೋದ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಅವನ ಹಿಂದೆ ಓಡಿದೆ.

ಪಾದದ ರಕ್ತ ನೋಡಿ, “ಯಕ್ಕಾ, ನೀನ ಇದನ್ನ ಕಲಿಸಾಕಿ ಅಲ್ಲೇನು? ಆ ಪೊರಿ ಮತ್ತ ಬೆಳಿತೈತೋ ಇಲ್ಲೋ?” ಎಂದ.

“ಬೆಳಿತೈತಿ ಬಿಡೋ” ಎಂದೆ. ಪೂರ್ತಿ ಬೆಳೆಯುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಟೀಚರ್ ಹೇಳಿದಳೆಂದು ನಂಬಿಬಿಟ್ಟ.

ನಾಳೆ ಎರಡನೇ ಪೀರಿಯಡ್ಡಿಗೆ ಅದೇ ಪಾಠ. ನಾಳೆಯೂ ಹಾಳೆ ತಿರುವಿಸುತ್ತೇನೆ. ಈ ಸಲ ಮಾರ್ಕಿಗಾಗಿ ಅಲ್ಲ, ಅದನ್ನು ಬಾಯಿಬಿಟ್ಟು ಓದಲು ನನ್ನಿಂದ ಆಗುವುದಿಲ್ಲ.