ಮೇಲಿನ ಕಂಪ್ಯೂಟರು, ಕೆಳಗಿನ ಕಂಪ್ಯೂಟರು

ಹಿರೇಬೆಂಡಿಗೇರಿ,
ಅವ್ವನ ಮನೆಯಿಂದ

ರಂಜನಾ ಅಕ್ಕಾ,

ಹುಬ್ಬಳ್ಳಿಯ ದವಾಖಾನೆಯ ವರಾಂಡದಲ್ಲಿ ನೀನು ನನ್ನ ಕೆನ್ನೆಗೆ ಹೊಡೆದ ಮೇಲೆ ನಾವಿಬ್ಬರೂ ಮಾತಾಡಿಲ್ಲ. ಆ ಏಟಿಗೆ ನನಗೆ ಸಿಟ್ಟಿಲ್ಲ. ಒಳಗೆ ನಿನ್ನ ಗಂಡನ ತಲೆಗೆ ಹೊಲಿಗೆ ಹಾಕುತ್ತಿದ್ದರು, ನಿನ್ನ ಸೆರಗಿಗೆ ಅವರ ರಕ್ತ ಹತ್ತಿತ್ತು. ಆದರೆ ಹೊಡೆದ ಮೇಲೆ ನೀನು ಆಡಿದ ಮಾತು ಮಾತ್ರ ನನ್ನನ್ನು ಬಿಟ್ಟು ಹೋಗುತ್ತಿಲ್ಲ. "ಕಂಪ್ಯೂಟರ್ ಓದಿದಾಕಿ ನೀನು. ಕೀಲಿ ಹಾಕಿದಾಕಿನೂ ನೀನ. ಗಂಡಾ ಹೆಂಡ್ತಿ ಕೂಡಿ ನನ್ನ ಮನಿ ಹಾಳ ಮಾಡಿದ್ರಿ" ಅಂದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಂದು ನೀನು ನಿನ್ನ ಬಸುರಿ ತಂಗಿಯ ಕುಬಸಕ್ಕೆಂದು ಹಿರೇಕೆರೂರಿಗೆ ಹೋಗಿದ್ದೆ. ನಡೆದದ್ದನ್ನು ಕಣ್ಣಾರೆ ಕಂಡು, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ನಾನೊಬ್ಬಳೇ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದಲೇ ಬರೆಯುತ್ತೇನೆ. ನಿನ್ನ ತಮ್ಮನೋ ನಿಮ್ಮ ವಕೀಲರೋ ಓದಿದರೆ ಅವರಿಗೂ ತಿಳಿಯಲಿ. ಸವಣೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಮದುವೆಗಳಿಗೆ ಹೋಗಿ ಫೋಟೋ ತೆಗೆಯುವವರು ನಿನ್ನ ಗಂಡ ಚನ್ನೇಶ ಭಾವ, ಅವನ್ನು ಕೆಳಗಿನ ಕಂಪ್ಯೂಟರಿಗೆ ತುಂಬುವವರೂ ಅವರೇ. ಮಹಡಿಯ ಮೇಲೆ ಕುಳಿತು ಅಲ್ಬಮ್ ಮಾಡುವವನು ನನ್ನ ಗಂಡ ರುದ್ರೇಶ. ಅವನನ್ನು ಇನ್ನು ಮುಂದೆ 'ಅವರು' ಎಂದು ಬರೆಯಲಾರೆ, ತಪ್ಪು ತಿಳಿಯಬೇಡ. ಎರಡೂ ಕಂಪ್ಯೂಟರಿಗೆ ವಾಯರು ಎಳೆಸಿದ್ದೆವು. ಮೇಲೆ ಕುಳಿತು ನೆಟ್‌ವರ್ಕ್ ತೆರೆದರೆ ಕೆಳಗಿನ ಕಂಪ್ಯೂಟರಿನ ಹೆಸರು ಕಾಣುತ್ತಿತ್ತು, ಅದನ್ನು ಒತ್ತಿದರೆ ಭಾವ ತೆಗೆದ ಫೋಟೋಗಳೆಲ್ಲ ತೆರೆದುಕೊಳ್ಳುತ್ತಿದ್ದವು. ಅಣ್ಣ ತಮ್ಮ ವಾರಗಟ್ಟಲೆ ಮಾತು ಬಿಟ್ಟರೂ ಕೆಲಸ ನಿಲ್ಲದಿದ್ದದ್ದು ಇದರಿಂದಲೇ.

ಆ ಮನೆಯಲ್ಲಿ ಮಾತು ಬಿಡುವುದೆಂದರೆ ಒಳ್ಳೆಯ ದಿನ. ಮಾತು ಶುರುವಾದರೆ ಕೈ ಏಳುತ್ತಿತ್ತು. ತೀರಿಹೋದ ನಮ್ಮ ಮಾವ ಚನ್ನವೀರಪ್ಪನವರು ಇಬ್ಬರು ಮಕ್ಕಳನ್ನೂ ಬಾರಕೋಲಿನಿಂದ ಬಡಿದು ಬೆಳೆಸಿದವರು. ಮೊದಲ ದೀಪಾವಳಿಗೆ ರುದ್ರೇಶನಿಗೆ ಎಣ್ಣೆ ಹಚ್ಚುವಾಗ ಅವನ ಬೆನ್ನ ಮೇಲಿನ ಗುರುತುಗಳನ್ನು ಮುಟ್ಟಿ ನಾನು ಅತ್ತಿದ್ದೆ. ಆ ಸಂಜೆಯೇ ಚಹಾ ತಣ್ಣಗಾಗಿದೆ ಎಂದು ಅವನು ನನ್ನ ಜಡೆ ಹಿಡಿದು ತಲೆಯನ್ನು ಬಾಗಿಲಿಗೆ ಗುದ್ದಿದ. ನೀನು ಉಪ್ಪಿನ ಗಂಟು ಬಿಸಿ ಮಾಡಿ ನನ್ನ ಹಣೆಗೆ ಶಾಖ ಕೊಟ್ಟೆ. ಎಷ್ಟು ಸಲ ಕೊಟ್ಟಿದ್ದೀ ಅಕ್ಕಾ. ನಿನ್ನ ಮೊಣಕೈ ಊದಿಕೊಂಡಾಗ ನಾನೂ ಕೊಟ್ಟಿದ್ದೇನೆ. ಸರೋಜವ್ವ ಅತ್ತಿ ಅಡುಗೆಮನೆಯಲ್ಲಿ ಕುಳಿತು, "ಗಂಡಸೂರ ಸಿಟ್ಟು, ಏರತೈತಿ, ಇಳೀತೈತಿ, ಸುಮ್ನಿರ್ರಿ" ಅನ್ನುತ್ತಿದ್ದಳು. ಅವಳೂ ಏಟು ತಿಂದವಳೇ.

ನೀನು ಹಿರೇಕೆರೂರಿಗೆ ಹೊರಡುವ ಮೊದಲೇ ಇಂಟರ್ನೆಟ್‌ನವರು ಬಂದು ರೂಟರಿನ ಹೊಸ ಡಬ್ಬಿ ಕೂಡಿಸಿದ್ದು ನೆನಪಿದೆಯಲ್ಲ? ಅವರು ಸರಿಯಾಗಿಯೇ ಕೂಡಿಸಿದ್ದರು. ಹಳೆಯ ಡಬ್ಬಿ ಕಪಾಟಿನ ಮೇಲೆ ಬಿದ್ದಿತ್ತು. ಮಹಡಿಯಲ್ಲಿ ಫೋನಿಗೆ ವೈಫೈ ಸರಿಯಾಗಿ ಬರುವುದಿಲ್ಲವೆಂದು ರುದ್ರೇಶ ಅದನ್ನು ಒಯ್ದು, ಕೆಳಗಿನಿಂದ ಬಂದ ವಾಯರನ್ನು ಅದಕ್ಕೆ ಚುಚ್ಚಿ, ಅದರಿಂದ ತನ್ನ ಕಂಪ್ಯೂಟರಿಗೆ ಇನ್ನೊಂದು ವಾಯರು ಹಾಕಿಕೊಂಡ. ನಾನು ಆಗ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ನನಗಿದು ಗೊತ್ತಿರಲಿಲ್ಲ. ಮರುದಿನದಿಂದ ಮೇಲಿನ ಕಂಪ್ಯೂಟರಿಗೆ ಕೆಳಗಿನದು ಕಾಣಲಿಲ್ಲ, ಕೆಳಗಿನದಕ್ಕೆ ಮೇಲಿನದು ಕಾಣಲಿಲ್ಲ. ಆದರೆ ಎರಡರಲ್ಲೂ ಇಂಟರ್ನೆಟ್ ಚೆನ್ನಾಗಿ ಬರುತ್ತಿತ್ತು. ಎಲ್ಲ ಕೆಟ್ಟದ್ದೂ ಅಲ್ಲಿಂದಲೇ ಶುರುವಾಯಿತು. ಇಂಟರ್ನೆಟ್ಟೇ ನಿಂತಿದ್ದರೆ ಇಬ್ಬರೂ ವಾಯರನ್ನು ಬೈಯುತ್ತಿದ್ದರು. ತನ್ನದು ಸರಿಯಾಗಿದೆ ಎಂದು ಕಂಡಿದ್ದರಿಂದ ಒಬ್ಬರನ್ನೊಬ್ಬರು ಬೈದರು.

ಭಾವನಿಗೆ ಯಾರೋ ಹೇಳಿದ್ದರಂತೆ, ರುದ್ರೇಶ ಹಾನಗಲ್ಲಿನ ಸ್ಟುಡಿಯೋದವರಿಗೆ ಗುಟ್ಟಾಗಿ ಅಲ್ಬಮ್ ಮಾಡಿಕೊಡುತ್ತಾನೆ, ಅದಕ್ಕೇ ತನ್ನ ಕಂಪ್ಯೂಟರ್ ಮುಚ್ಚಿಟ್ಟಿದ್ದಾನೆ ಎಂದು. ರುದ್ರೇಶನಿಗೂ ಯಾರೋ ಹೇಳಿದ್ದರು, ಅಣ್ಣ ಶಿಗ್ಗಾಂವಿಯಲ್ಲಿ ಹೊಸ ಡಿಸೈನರನನ್ನು ಹಿಡಿದಿದ್ದಾನೆ, ಇನ್ನು ನಿನ್ನನ್ನು ಬಿಟ್ಟ ಹಾಗೆಯೇ ಎಂದು. ನಾನು "ಏನ ಆಗೇತಿ ನೋಡ್ತೇನಿ, ಸರೀರಿ" ಎಂದು ಮೇಲಿನ ಕಂಪ್ಯೂಟರಿನ ಮುಂದೆ ಕುಳಿತದ್ದಕ್ಕೆ ಅವನು ಕೀಬೋರ್ಡ್ ಕಿತ್ತು ನನ್ನ ಭುಜಕ್ಕೆ ಬಾರಿಸಿದ. ಕೀಲಿಗಳು ಹಲ್ಲು ಉದುರಿದಂತೆ ನೆಲಕ್ಕೆ ಉದುರಿದವು. "ಅಣ್ಣನ ಕಡೆದಾಕಿ ನೀ" ಅಂದ. ಅದೇ ದಿನ ಸಂಜೆ ಭಾವ ಮೇಲೆ ಬಂದು ಒಳಗಿನಿಂದ ಹಾಕಿದ್ದ ಕದಕ್ಕೆ ಒದ್ದರು. ಚಿಲಕ ಮುರಿದು ಕದ ಗೋಡೆಗೆ ಬಡಿಯಿತು. ಭಾವ ಪೆನ್‌ಡ್ರೈವಿನಲ್ಲಿ ಫೋಟೋ ಕೊಟ್ಟರೆ ಅರ್ಧವೇ ಬಂದಿವೆ ಎಂದು ರುದ್ರೇಶ ಅದನ್ನು ಚಪ್ಪಲಿಯಿಂದ ಜಜ್ಜಿದ.

ಆಮೇಲಿನ ದಿನ ಬೆಳಿಗ್ಗೆ ಕುಲಸುಮಬಿ ಬಂದಳು. ನಮ್ಮ ಹಿಂದಿನ ಓಣಿಯವಳು, ಮಗಳು ಶಾಹೀನಳ ಮದುವೆಯ ಕೆಲಸ ನಮಗೇ ಕೊಟ್ಟವಳು. "ನಾಳೆ ಮಗಳು ಗಂಡನ ಮನಿಗೆ ಹೊಂಟಾಳ್ರಿ. ಇವತ್ತರ ಅಲ್ಬಮ್ ಕೊಡ್ರಿ" ಎಂದು ಕೇಳಿಕೊಂಡು ಹೋದಳು. ಅವಳು ಓಣಿ ತಿರುಗುವಷ್ಟರಲ್ಲಿ ಭಾವ ಮೆಟ್ಟಿಲ ಕೆಳಗೆ ನಿಂತು ಕೂಗಿದರು. ರುದ್ರೇಶ ಇಳಿದು ಬಂದ. "ಅಲ್ಬಮ್ ಯಾತರಿಂದ ಮಾಡ್ಲಿ? ನಿಕಾದ ಫೋಟೋ ಒಂದೂ ಇಲ್ಲ. ನೀ ಮುಚ್ಚಿಟ್ಟೀದಿ" ಅಂದ. "ಕೀಲಿ ಹಾಕ್ಕೊಂಡ ಕುಂತಾಂವ ನೀನು. ಹಾನಗಲ್ಲದವರ ಎಂಜಲಾ ತಿನ್ನಾಕತ್ತೀದಿ" ಎಂದರು ಭಾವ.

ಇಬ್ಬರೂ ಕೂಗಾಡುತ್ತಿದ್ದಾಗ ನಾನು ಮೇಲೆ ಓಡಿದೆ. ಇಂದು ಕಾರಣ ಸಿಗದಿದ್ದರೆ ಏನಾದರೂ ಆಗುತ್ತದೆ ಎಂದು ನನಗೆ ಎದೆಯಲ್ಲೇ ಗೊತ್ತಾಗಿತ್ತು. ಅಕ್ಕಾ, ಮನೆಯೊಳಗಿನ ಪ್ರತಿ ಕಂಪ್ಯೂಟರಿಗೂ ನಡುನಡುವೆ ಚುಕ್ಕಿ ಇಟ್ಟ ನಾಲ್ಕು ಸಂಖ್ಯೆಗಳ ಒಂದು ವಿಳಾಸ ಇರುತ್ತದೆ. ನಮ್ಮಂಥ ಮನೆಯಲ್ಲಿ ಮೊದಲ ಮೂರು ಎಲ್ಲಕ್ಕೂ ಒಂದೇ, ಕೊನೆಯದು ಮಾತ್ರ ಬೇರೆ. ಒಂದೇ ಓಣಿ, ಬೇರೆ ಬೇರೆ ಮನೆ ಎಂದುಕೋ. ಮೇಲಿನ ಕಂಪ್ಯೂಟರಿನ ವಿಳಾಸ ನೋಡಿದೆ, ಮೂರನೆಯ ಸಂಖ್ಯೆ ಸೊನ್ನೆ. ಅದರ ಪಕ್ಕದಲ್ಲಿ ಹಳೆಯ ಡಬ್ಬಿ ಹಸಿರು ದೀಪ ಹಾಕಿಕೊಂಡು ಕುಳಿತಿತ್ತು. ಕೆಳಗೆ ಓಡಿ ಬಂದು, ಜಗಳವಾಡುತ್ತಿದ್ದ ಇಬ್ಬರ ಹಿಂದೆ ನುಸುಳಿ ಭಾವನ ಕುರ್ಚಿಯಲ್ಲಿ ಕುಳಿತು ಇಲ್ಲಿಯದನ್ನು ನೋಡಿದೆ. ಮೂರನೆಯ ಸಂಖ್ಯೆ ಒಂದು. ಒಂದೇ ಮನೆಯಲ್ಲಿ ಎರಡು ಓಣಿ! ಹಳೆಯ ಡಬ್ಬಿ ಮೇಲೆ ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡಿತ್ತು. ಯಾರೂ ಕೀಲಿ ಹಾಕಿರಲಿಲ್ಲ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ.

"ಸಿಕ್ತರಿ, ಸಿಕ್ತು! ಯಾರ ತಪ್ಪೂ ಅಲ್ರಿ, ಆ ಹಳೇ ಡಬ್ಬಿ..." ಎನ್ನುತ್ತಾ ತಿರುಗಿದೆ. ಆಗಲೇ ಭಾವ ರುದ್ರೇಶನ ಕಪಾಳಕ್ಕೆ ಹೊಡೆದರು.

ನನ್ನ ಮಾತು ಅವರಿಗೆ ಕೇಳಿಸಿತೋ ಇಲ್ಲವೋ ಇವತ್ತಿಗೂ ತಿಳಿಯದು. ರುದ್ರೇಶನ ತುಟಿ ಒಡೆಯಿತು. ಅವನು ಭಾವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಗೋಡೆಗೆ ಹಾಕಿದ್ದ ಮದುಮಕ್ಕಳ ದೊಡ್ಡ ಫೋಟೋ ಕೆಳಗೆ ಬಿದ್ದು ಗಾಜು ಚೂರಾಯಿತು. ಇಬ್ಬರೂ ಆ ಗಾಜಿನ ಮೇಲೆಯೇ ಹೊರಳಾಡಿದರು. ಭಾವ ಅವನ ಹೊಟ್ಟೆಗೆ ಮೊಣಕಾಲು ಊರಿದರು, ಅವನು ಅವರ ಕಿವಿ ಕಚ್ಚಿದ. ನಾನು ನಡುವೆ ಹೋಗಿ "ಡಬ್ಬಿದ ತಪ್ಪರಿ, ಬಿಡ್ರಿ" ಎಂದು ಚೀರಿದೆ. ಯಾರದೋ ಮೊಣಕೈ ಬಾಯಿಗೆ ಬಡಿದು ನನ್ನ ಮುಂದಿನ ಹಲ್ಲು ಮುರಿಯಿತು. ಅತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು.

ಆಮೇಲೆ ಭಾವ ಬಿಟ್ಟರು. ಇದನ್ನು ನೀನು ಕೇಳಬೇಕು ಅಕ್ಕಾ. ಅವರು ಬಿಟ್ಟು ಎದ್ದರು, ತೇಕುತ್ತಾ ಆ ಕಡೆ ತಿರುಗಿ, ಮೂಗಿನಿಂದ ಜಾರಿ ಬಿದ್ದಿದ್ದ ಚಾಳೀಸು ಎತ್ತಿಕೊಳ್ಳಲು ಬಗ್ಗಿದರು. ಜಗಳ ಅಲ್ಲಿಗೆ ಮುಗಿದಿತ್ತು. ರುದ್ರೇಶ ಮೂಲೆಯಲ್ಲಿದ್ದ ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡ್ ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಹಿಂದಿನಿಂದ ಅವರ ತಲೆಗೆ ಹೊಡೆದ. ತೆಂಗಿನಕಾಯಿ ಒಡೆದಂಥ ಸದ್ದು ಬರಲಿಲ್ಲ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು ಬಂತು. ಭಾವ ಮಂಡಿಯೂರಿ ಮುಂದಕ್ಕೆ ಬಿದ್ದರು. ಬಿದ್ದವರಿಗೆ ಇನ್ನೊಮ್ಮೆ ಹೊಡೆದ. ಮೊದಲನೆಯದನ್ನು ಸಿಟ್ಟು ಅನ್ನಬಹುದು. ಎರಡನೆಯದಕ್ಕೆ ಏನನ್ನಲಿ? ಮತ್ತೆ ಎತ್ತಿದಾಗ ನಾನು ಸ್ಟ್ಯಾಂಡಿಗೆ ಜೋತುಬಿದ್ದೆ. ಅವನು ನನ್ನನ್ನೂ ಸೇರಿಸಿ ಅದನ್ನು ಝಾಡಿಸಿ ಎಸೆದ. ಭಾವನ ಬಲಗೈ ನೆಲದ ಮೇಲೆ ತಾನಾಗಿಯೇ ಮಿಡುಕುತ್ತಿತ್ತು, ರಕ್ತ ಮೇಜಿನ ಕಾಲಿನ ತನಕ ಹರಿದಿತ್ತು.

ದವಾಖಾನೆಯಲ್ಲಿ ಡಾಕ್ಟರು ಕೇಳಿದ ಕೂಡಲೇ ಅತ್ತಿ, "ಮೆಟ್ಟಲಾ ಇಳಿಯೂ ಮುಂದ ಜಾರಿ ಬಿದ್ದಾನ್ರಿ" ಅಂದಳು. ರುದ್ರೇಶ ನನ್ನ ಕೈಯನ್ನು ಹಿಂದಿನಿಂದ ತಿರುಚಿ ಹಿಡಿದಿದ್ದ. ನಾನು ಅಂದೆ: "ಬಿದ್ದಿಲ್ರಿ. ಹೊಡದಾನ. ಇವನ, ನನ್ನ ಗಂಡ." ಬಾಯಿಯಲ್ಲಿ ರಕ್ತವಿತ್ತು, ಮಾತು ಸ್ಪಷ್ಟವಾಗಲಿಲ್ಲ. ಅದಕ್ಕೇ ಎರಡನೆಯ ಸಲ ಜೋರಾಗಿ ಹೇಳಿದೆ. ಪೊಲೀಸರು ಬಂದರು. ಅಷ್ಟರಲ್ಲಿ ನೀನೂ ಬಂದೆ. ಮೊದಲು ಕೈ ಎತ್ತಿದವರು ಯಾರು ಎಂದು ಅವರು ಕೇಳಿದ್ದು ನಿನ್ನ ಎದುರಿನಲ್ಲೇ. "ಭಾವ ಕಪಾಳಕ್ಕ ಹೊಡದ್ರು" ಅಂದೆ. ನಾನು ಗಂಡನನ್ನು ಉಳಿಸಲು ಹೇಳಿದೆ ಅಂದುಕೊಂಡೆ ನೀನು. ನಾನು ಎರಡನ್ನೂ ಹೇಳಿದ್ದೆ ಅಕ್ಕಾ. ಎರಡೂ ನಡೆದಿದ್ದವು.

ಅವನನ್ನು ಒಳಗೆ ಹಾಕಿದ ಮೇಲೆ ಪೊಲೀಸರು ಪಂಚನಾಮೆಗೆ ನನ್ನನ್ನು ಮನೆಗೆ ಕರೆದೊಯ್ದರು. ಫೋಟೋ ತೆಗೆದು, ಸ್ಟ್ಯಾಂಡ್ ಕಟ್ಟಿಕೊಂಡು, ಇನ್ನು ನೀವು ಸ್ವಚ್ಛ ಮಾಡಬಹುದು ಎಂದು ಹೋದರು. ಅತ್ತಿ ನನ್ನ ಮುಖ ನೋಡಿ "ಮನಿ ಮುರದಾಕಿ" ಎಂದು ಉಗುಳಿದಳು. ನಾನು ಮೇಲೆ ಹೋದೆ. ಹಳೆಯ ಡಬ್ಬಿಯ ವಾಯರುಗಳನ್ನು ಕಿತ್ತು, ಕೆಳಗಿನಿಂದ ಬಂದದ್ದನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿದೆ. ಬೇರೇನೂ ಮಾಡಲಿಲ್ಲ. ನೆಟ್‌ವರ್ಕ್ ತೆರೆದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಕಂಪ್ಯೂಟರಿನ ಹೆಸರು ಮೂಡಿತು. ಒತ್ತಿದೆ. ನಿಕಾದ ಫೋಟೋಗಳೆಲ್ಲ ಅಲ್ಲೇ ಇದ್ದವು, ಶಾಹೀನ ಮೈತುಂಬ ಮಲ್ಲಿಗೆ ಹಾಕಿಕೊಂಡು ನಗುತ್ತಿದ್ದಳು. ಒಂದು ವಾಯರು ಇತ್ತಿಂದ ಅತ್ತ ಚುಚ್ಚುವಷ್ಟು ಕೆಲಸ. ಅಷ್ಟಕ್ಕೆ ಒಬ್ಬರ ತಲೆಬುರುಡೆ ಒಡೆದಿತ್ತು. ನಾನು ಅಲ್ಲೇ ನೆಲಕ್ಕೆ ಕುಳಿತು ಪ್ರಾಣಿಯ ಹಾಗೆ ಕೂಗಿಕೊಂಡೆ.

ಕೂಗು ಕೇಳಿ ಕುಲಸುಮಬಿ ಬಂದಳು. ಫೋಟೋಗಳನ್ನು ಇನ್ನೊಂದು ಪೆನ್‌ಡ್ರೈವಿಗೆ ತುಂಬಿ, ತಗೊಂಡು ಹೋಗು ಎಂದು ಚಾಚಿದೆ. ಅವಳು ಮುಟ್ಟಲಿಲ್ಲ. "ಫೋಟೋ ಹಾಳಾಗ್ಲಿ ಯವ್ವಾ, ಮೊದ್ಲ ಈ ರಕ್ತ ತೊಳ್ಯೂಣು ಬಾ" ಎಂದು ಬುರ್ಖಾ ತೆಗೆದಿಟ್ಟು, ಸೀರೆ ಮೇಲೆ ಕಟ್ಟಿದಳು. ಒಣಗಿ ಅಂಟಿದ್ದನ್ನು ನಾವಿಬ್ಬರೂ ತೆಂಗಿನ ನಾರಿನಿಂದ ತಿಕ್ಕಿದೆವು.

ಜಾಮೀನು ಸಿಕ್ಕ ಮೇಲೆ ಅವನು ಇಲ್ಲಿಗೂ ಬಂದಿದ್ದ. ಹಿರೇಬೆಂಡಿಗೇರಿಯ ಹತ್ತು ಮಂದಿ ನೋಡುತ್ತಿರುವಾಗಲೇ ನನ್ನ ಕೂದಲು ಹಿಡಿದು ಅಂಗಳಕ್ಕೆ ಎಳೆದು, "ಕೋರ್ಟಿನ್ಯಾಗ ಬಾಯಿ ಬಿಟ್ರ ನಿನ್ನೂ ಹಂಗ ಮಲಗಸ್ತೇನಿ" ಅಂದ. ಯಾರೂ ಮುಂದೆ ಬರಲಿಲ್ಲ. ನನ್ನ ಅವ್ವ ಮಂಜವ್ವ ದನಕ್ಕೆ ಹುಲ್ಲು ಹಾಕುತ್ತಿದ್ದವಳು ಕುಡಗೋಲು ಹಿಡಿದೇ ಬಂದು ಅವನ ಮೊಣಕೈಗೆ ಬೀಸಿದಳು. ಚರ್ಮ ಹರಿದು ರಕ್ತ ಬಂತು, ಕೂದಲು ಬಿಟ್ಟ. "ಇನ್ನೊಮ್ಮೆ ನನ್ನ ಬಾಗ್ಲಿಗೆ ಬಂದ್ರ ಕೈ ಇಲ್ದ ಹೊಕ್ಕೀ ನೋಡು" ಅಂದಳು. ಅವನ ಮೇಲೆ ಅದಕ್ಕೊಂದು ದೂರು ಕೊಟ್ಟೆವು. ಅವ್ವನ ಮೇಲೆ ಅವನೂ ಕೊಟ್ಟಿದ್ದಾನೆ. ಇರಲಿ.

ಮುಂದಿನ ತಿಂಗಳು ಸವಣೂರಿನ ಕೋರ್ಟಿನಲ್ಲಿ ನನ್ನ ಸಾಕ್ಷಿ ಇದೆ. ಹಿಂದಿನಿಂದ ಹೊಡೆದದ್ದನ್ನು ಹೇಳಬೇಡ, ಕಪಾಳದ ಏಟನ್ನಷ್ಟೇ ಹೇಳು ಎಂದು ಅವನ ಕಡೆಯವರು ಹೇಳಿಕಳಿಸಿದ್ದಾರೆ. ಕಪಾಳದ ಏಟು ಬಿಟ್ಟು ಉಳಿದದ್ದೆಲ್ಲ ಹೇಳಲಿ ಎಂದು ನಿನ್ನ ತಮ್ಮ ಹೇಳಿಕಳಿಸಿದ್ದಾನೆ. ಇಬ್ಬರಿಗೂ ಆಗುವುದಿಲ್ಲ ಅಂದಿದ್ದೇನೆ. ಹೇಗೆ ನಡೆಯಿತೋ ಹಾಗೆಯೇ, ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಭಾವನಿಗೆ ನೆನಪು ಉಳಿದಿಲ್ಲವಂತೆ, ಮಾತೂ ತೊದಲುತ್ತದಂತೆ. ಅವರ ಪರವಾಗಿ ನೆನಪಿಟ್ಟುಕೊಂಡವಳು ನಾನೊಬ್ಬಳೇ ಇದ್ದೇನೆ.

ನೀನು ಬಾ ಅಕ್ಕಾ. ನನ್ನ ಪಕ್ಕ ಕೂರಬೇಡ, ನನ್ನ ಮುಖ ನೋಡಬೇಡ. ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳು. ಕೇಳಿದ ಮೇಲೂ ನಾನು ತಪ್ಪಿತಸ್ಥೆ ಅನ್ನಿಸಿದರೆ ಎದ್ದು ಹೋಗಿಬಿಡು, ಮತ್ತೆಂದೂ ನಿನಗೆ ಬರೆಯುವುದಿಲ್ಲ. ಅನ್ನಿಸದಿದ್ದರೆ ಹೊರಗಿನ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಲ್ಲು. ನಾನು ಬರುತ್ತೇನೆ.

ಭಾವನ ಬಲಗೈಗೆ ಬೇಗ ಬಲ ಬರಲಿ, ನಿನ್ನ ಹೆಸರನ್ನು ಅವರು ತೊದಲದೆ ಕರೆಯುವಂತಾಗಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ನೆಗೆಣ್ಣಿ,
ಅಂಕಿತಾ